ಮುಂಬಯಿಯ ಮನೆಗಳಲ್ಲಿ ಹಿರಿಯರು ಬೀಳದಂತೆ, ಸೊಂಟ ಮುರಿಯದಂತೆ: ಒಂದು ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಹಿರಿಯರೊಬ್ಬರು ಬಿದ್ದರೆ ನಾವು ಮೊದಲು ಹೇಳುವ ಮಾತು, "ವಯಸ್ಸಾಯ್ತಲ್ಲ, ಇನ್ನು ಜಾಸ್ತಿ ಓಡಾಡಬೇಡಿ." ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಆ ಮಾತಿನಿಂದಲೇ ಕೆಲಸ ಕೆಡುತ್ತದೆ. ಓಡಾಟ ನಿಂತರೆ ಕೆಲವೇ ವಾರಗಳಲ್ಲಿ ತೊಡೆಯ ಬಲ ಇಳಿಯುತ್ತದೆ. ಬಲ ಇಳಿದ ಮೇಲೆ ಕಾಲು ಸರಿಯಾಗಿ ಮೇಲೇಳುವುದಿಲ್ಲ, ಹೊಸ್ತಿಲಿಗೆ ತಾಗುತ್ತದೆ. ಎರಡನೇ ಸಲ ಬೀಳುವುದು ಮೊದಲ ಸಲಕ್ಕಿಂತ ಸುಲಭವಾಗಿಬಿಡುತ್ತದೆ.

ಹಾಗಾಗಿ ಇಲ್ಲಿ ಹೇಳುವುದೆಲ್ಲ ಅಪ್ಪ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸುವುದಕ್ಕಲ್ಲ. ಅವರು ಮಾಟುಂಗಾ ಮಾರ್ಕೆಟ್ಟಿಗೆ ಹೋಗಿ ಬಾಳೆ ಎಲೆ ತರಬೇಕು, ಭಜನೆಗೆ ಹೋಗಬೇಕು, ಮೈಸೂರು ಅಸೋಸಿಯೇಷನ್ನಿನ ನಾಟಕ ನೋಡಿ ಬರಬೇಕು. ಅದಕ್ಕೆ ಮನೆಯನ್ನು, ಕಾಲನ್ನು, ಮಾತ್ರೆಯ ಡಬ್ಬಿಯನ್ನು ಹೇಗೆ ಸರಿ ಮಾಡಿಕೊಳ್ಳಬೇಕು ಎನ್ನುವುದಷ್ಟೇ ವಿಷಯ.

ಇದು ಅಪರೂಪದ ಸಮಸ್ಯೆಯೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 65 ದಾಟಿದವರಲ್ಲಿ ನೂರಕ್ಕೆ 28ರಿಂದ 35 ಜನ ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ. ಸೊಂಟ ಮುರಿತ, ಅಂದರೆ ತೊಡೆಯ ಮೂಳೆ ಸೊಂಟದ ಕೀಲಿನ ಹತ್ತಿರ ಮುರಿಯುವುದು, ನೂರಕ್ಕೆ 90ಕ್ಕಿಂತ ಹೆಚ್ಚು ಸಲ ಬಿದ್ದಿದ್ದರಿಂದಲೇ ಆಗುತ್ತದೆ. ಅದೂ ಪಕ್ಕಕ್ಕೆ ಬಿದ್ದಾಗ ಜಾಸ್ತಿ. ಮುರಿದ ಮೇಲೆ ಅನೇಕರು ಮೊದಲಿನಂತೆ ನಡೆಯುವುದೇ ಇಲ್ಲ. ವರ್ಷ ತುಂಬುವುದರೊಳಗೆ ತೀರಿಕೊಳ್ಳುವವರೂ ಕಡಿಮೆ ಇಲ್ಲ. ಇಷ್ಟು ದೊಡ್ಡ ಪೆಟ್ಟನ್ನು ತಪ್ಪಿಸುವ ಕೆಲಸ ಮಾತ್ರ ಬಹುಪಾಲು ಸಣ್ಣಸಣ್ಣದೇ.

ಹೆಜ್ಜೆ 1: ಮೊದಲು ಕೇಳಿ, ಆಮೇಲೆ ಅಳೆಯಿರಿ

"ಬಿದ್ದಿದ್ದೀರಾ?" ಎಂದು ಕೇಳಿದರೆ "ಇಲ್ಲಪ್ಪ" ಎಂಬ ಉತ್ತರವೇ ಬರುತ್ತದೆ. ಹೇಳಿದರೆ ಹೊರಗೆ ಬಿಡುವುದಿಲ್ಲ, ಊರಿಗೆ ಕಳಿಸುತ್ತಾರೆ ಎಂಬ ಭಯ ಅವರಿಗೆ. ಅದಕ್ಕೇ ಬೇರೆ ಥರ ಕೇಳಬೇಕು. "ಅಮ್ಮಾ, ಈ ವರ್ಷ ಎಲ್ಲಾದರೂ ಕಾಲು ಜಾರಿತಾ? ಗೋಡೆ ಹಿಡಿದು ಸುಧಾರಿಸಿಕೊಂಡದ್ದು ಇದೆಯಾ? ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತಾ?" ಎಲ್ಲಿ, ಎಷ್ಟು ಹೊತ್ತಿಗೆ, ಕಾಲಲ್ಲಿ ಏನಿತ್ತು, ಬೀಳುವ ಮುಂಚೆ ಏನನಿಸಿತು, ಎಲ್ಲ ಬರೆದಿಡಿ. ಡಾಕ್ಟರಿಗೆ ಈ ಒಂದು ಹಾಳೆ ತುಂಬಾ ಉಪಯೋಗಕ್ಕೆ ಬರುತ್ತದೆ. ಕಾಲು ತೊಡರಿ ಬಿದ್ದರೆ ಕಾರಣ ಒಂದು, ತಲೆ ಸುತ್ತಿ ಬಿದ್ದರೆ ಇನ್ನೊಂದು. ಹೇಗೆ ಬಿದ್ದೆ ಎಂಬುದೇ ನೆನಪಿಲ್ಲ ಅಂದರೆ ಕಾಯಬೇಡಿ. ಹೃದಯದ ಬಡಿತದಲ್ಲಿ ತೊಂದರೆ ಇದೆಯೇ ಎಂದು ಪರೀಕ್ಷೆ ಮಾಡಿಸಲೇಬೇಕು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕುರ್ಚಿಯಿಂದ 3 ಮೀಟರ್ ದೂರಕ್ಕೆ ನೆಲದಲ್ಲಿ ಗುರುತು ಮಾಡಿ. ಹಾಲ್ ಚಿಕ್ಕದಾದರೆ ಬಿಲ್ಡಿಂಗಿನ ಪ್ಯಾಸೇಜ್ ಸಾಕು. ಕುರ್ಚಿಯಿಂದ ಎದ್ದು, ಎಂದಿನ ವೇಗದಲ್ಲಿ ಗುರುತಿನವರೆಗೆ ನಡೆದು, ತಿರುಗಿ ಬಂದು ಕೂರಲಿ. ಊರುಗೋಲು ಬಳಸುವವರು ಅದನ್ನು ಹಿಡಿದೇ ನಡೆಯಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಎಂದು ತಿಳಿಯಿರಿ. ಇನ್ನೊಂದು: ಒಂದು ಪಾದದ ಹಿಮ್ಮಡಿ ಇನ್ನೊಂದು ಪಾದದ ಬೆರಳಿಗೆ ತಾಗುವಂತೆ, ಒಂದೇ ಗೆರೆಯಲ್ಲಿ ಪಾದ ಇಟ್ಟು ನಿಲ್ಲುವುದು. 10 ಸೆಕೆಂಡ್ ನಿಲ್ಲಲಾಗದಿದ್ದರೆ ಸಮತೋಲ ಕಡಿಮೆಯಾಗಿದೆ ಎಂದರ್ಥ. ಎರಡೂ ಸಲ ಪಕ್ಕದಲ್ಲೇ ನಿಂತಿರಿ.

ಹೆಜ್ಜೆ 2: ರಾತ್ರಿ ಮಂಚದಿಂದ ಬಾತ್‌ರೂಮಿನ ದಾರಿ

ಒಂದೇ ಕೆಲಸ ಮಾಡಲು ಪುರುಸೊತ್ತು ಇದೆ ಅನ್ನುವವರು ಇದನ್ನು ಮಾಡಿ. ನಿದ್ದೆಗಣ್ಣು, ಕತ್ತಲೆ, ಅವಸರ, ಇಳಿದ ಬಿಪಿ, ಒದ್ದೆ ನೆಲ ಇವೆಲ್ಲ ಒಟ್ಟಿಗೆ ಸೇರುವುದು ಈ ಹತ್ತು ಹೆಜ್ಜೆಗಳಲ್ಲೇ.

ಮೊದಲು ಮಲಗುವ ಜಾಗ. ಒಂದು ರೂಮು ಹಾಲ್‌ನ ಮನೆಯಲ್ಲಿ ಹಿರಿಯರು ಹಾಲ್‌ನಲ್ಲಿ ನೆಲದ ಮೇಲೆ ಹಾಸಿಗೆ ಹಾಸಿ ಮಲಗುವುದು ಎಷ್ಟೋ ಕಡೆ ಇದೆ. "ನನಗೆ ಅಭ್ಯಾಸ ಇದೆ ಮಾರಾಯ್ರೆ" ಅನ್ನುತ್ತಾರೆ. 75ರ ಮೊಣಕಾಲಿಗೆ ನಡುರಾತ್ರಿ ನೆಲದಿಂದ ಏಳುವುದು ಬಹಳ ಕಷ್ಟದ ಕೆಲಸ. ಮನೆಯಲ್ಲಿ ಒಂದೇ ಮಂಚ ಇದ್ದರೆ ಅದು ಅವರಿಗೆ ಸಿಗಲಿ, ಎಳೆಯರು ನೆಲದ ಮೇಲೆ ಮಲಗಲಿ. ಮಂಚದ ಎತ್ತರವೂ ಮುಖ್ಯ. ಅಂಚಿನಲ್ಲಿ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮೊಣಕಾಲು ಸೊಂಟಕ್ಕಿಂತ ಮೇಲೆ ಹೋಗಬಾರದು. ತಗ್ಗಾಗಿದ್ದರೆ ಕಾಲಿನ ಕೆಳಗೆ ಅಲುಗಾಡದ ಮರದ ಹಲಗೆ ಕೊಟ್ಟು ಎತ್ತರಿಸಬಹುದು. ಇಟ್ಟಿಗೆ ಬೇಡ, ಜಾರುತ್ತದೆ.

ಆಮೇಲೆ ಬೆಳಕು. ಮಲಗಿದಲ್ಲಿಂದಲೇ ಕೈಗೆ ಸಿಗುವ ಸ್ವಿಚ್ ಬೇಕು. ಅಥವಾ ಯಾರಾದರೂ ಹತ್ತಿರ ಬಂದಾಗ ತಾನೇ ಹೊತ್ತಿಕೊಳ್ಳುವ ಸೆನ್ಸರ್ ದೀಪ. ಮಂಚದ ಪಕ್ಕ ಒಂದು, ಬಾತ್‌ರೂಮ್ ಬಾಗಿಲ ಬಳಿ ಒಂದು. ಗೋಡೆಯ ಕೆಳಭಾಗಕ್ಕೆ ಅಂಟಿಸಿದರೆ ಕಣ್ಣಿಗೆ ಚುಚ್ಚದೆ ನೆಲ ಕಾಣುತ್ತದೆ.

ಏಳುವ ಕ್ರಮವನ್ನು ರೂಢಿ ಮಾಡಿಸಿ: ಪಕ್ಕಕ್ಕೆ ಹೊರಳಿ, ಎದ್ದು ಕೂತು, ಕಾಲು ಇಳಿಬಿಟ್ಟು, ಪಾದವನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸಿ, ಆಮೇಲೆ ನಿಲ್ಲುವುದು. ನಿಂತಲ್ಲೇ ಸ್ವಲ್ಪ ತಡೆದು, ತಲೆ ಹಗುರಾಗಿಲ್ಲ ಎಂದು ಖಾತ್ರಿಯಾದ ಮೇಲೆ ಹೆಜ್ಜೆ ಇಡುವುದು. ರಾತ್ರಿ ಪದೇ ಪದೇ ಎದ್ದು ಹೋಗಬೇಕಾದರೆ ನೀರು ಕುಡಿಯುವುದನ್ನೇ ಬಿಡಿಸಬೇಡಿ, ಅದರಿಂದ ಬಿಪಿ ಇನ್ನೂ ಇಳಿಯುತ್ತದೆ. ಹಗಲು ಜಾಸ್ತಿ ಕುಡಿಯಲಿ, ಮಲಗುವ ಮುಂಚಿನ ಹೊತ್ತಿನಲ್ಲಿ ಕಡಿಮೆ ಮಾಡಲಿ. ನೀರಿಳಿಸುವ ಮಾತ್ರೆ ಇದ್ದರೆ ಅದನ್ನು ಬೆಳಗ್ಗೆಯೇ ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ.

ಚಾಳಿನಲ್ಲಿ, ಅಂದರೆ ಒಂದೇ ಗ್ಯಾಲರಿಗೆ ಸಾಲು ಮನೆಗಳಿರುವ ಕಟ್ಟಡದಲ್ಲಿ ಇರುವವರಿಗೆ ಟಾಯ್ಲೆಟ್ ಗ್ಯಾಲರಿಯ ತುದಿಯಲ್ಲಿ ಇರುತ್ತದೆ. ರಾತ್ರಿ ಅಲ್ಲಿಗೆ ನಡೆಸುವುದಕ್ಕಿಂತ ಮಂಚದ ಪಕ್ಕ ಕಮೋಡ್ ಕುರ್ಚಿ ಇಡುವುದು ಎಷ್ಟೋ ವಾಸಿ. ಗಂಡಸರಿಗಾದರೆ ಪ್ಲಾಸ್ಟಿಕ್ ಯೂರಿನ್ ಪಾಟ್ ಸಾಕು. ಒಂದು ಪರದೆ ಕಟ್ಟಿಕೊಟ್ಟರೆ ಅವರ ಸಂಕೋಚ ಅರ್ಧ ಕಡಿಮೆಯಾಗುತ್ತದೆ.

ಹೆಜ್ಜೆ 3: ಬಾತ್‌ರೂಮ್

ಮುಂಬಯಿ ಬಾತ್‌ರೂಮಿನ ದೊಡ್ಡ ಕಿರಿಕಿರಿ ಅಂದರೆ ಜಾಗ ಇಲ್ಲ, ಇದ್ದ ಜಾಗದಲ್ಲಿ ಡ್ರಮ್ಮು, ಬಕೆಟ್ಟು. ನೀರು ಬರುವ ಹೊತ್ತು ಗೊತ್ತಾದದ್ದೇ. ಬೆಳಗಿನ ಜಾವ ಎದ್ದು ತುಂಬಿಸುವ ಕೆಲಸ ಎಷ್ಟೋ ಮನೆಗಳಲ್ಲಿ ಹಿರಿಯರದೇ. ಅವಸರದಲ್ಲಿ, ಒದ್ದೆ ನೆಲದಲ್ಲಿ, ತುಂಬಿದ ಬಕೆಟ್ ಎತ್ತುವುದು ಅವರಿಂದ ತಪ್ಪಲಿ. ನಲ್ಲಿಗೆ ಪೈಪ್ ಹಾಕಿ ನೇರ ಡ್ರಮ್ಮಿಗೆ ಬಿಡಿ. ಸ್ನಾನದ ಬಕೆಟ್ಟನ್ನು ಗಟ್ಟಿ ಸ್ಟೂಲಿನ ಮೇಲೆ ಇಟ್ಟರೆ ಬಗ್ಗಿ ಬಗ್ಗಿ ನೀರು ತೆಗೆಯುವುದು ಬೇಡ.

ಮಾರ್ಬಲ್ ಹೊಸ್ತಿಲು ನೋಡಿ. ನೀರು ಹೊರಗೆ ಬರದಿರಲಿ ಎಂದು ಒಂದೆರಡು ಇಂಚು ಎತ್ತರಿಸಿರುತ್ತಾರೆ. ಒಡೆಸಲು ಆಗದಿದ್ದರೆ ಅಂಚಿಗೆ ದಪ್ಪ ಹಳದಿ ಟೇಪ್ ಅಂಟಿಸಿ, ಬಾಗಿಲ ಪಕ್ಕ ಹಿಡಿಕೆ ಹಾಕಿಸಿ. ಹೊಸ್ತಿಲ ಹೊರಗೆ ಹಾಕುವ ಹಳೆ ಬಟ್ಟೆಯ ಕಾಲೊರಸು ತೆಗೆದುಬಿಡಿ. ಕೆಳಗೆ ರಬ್ಬರ್ ಇರುವುದನ್ನು ಮಾತ್ರ ಹಾಕಿ.

ಹಿಡಿಕೆ, ಅಂದರೆ ಗ್ರ್ಯಾಬ್ ಬಾರ್, ಈ ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಪ್ರಯೋಜನ ಕೊಡುವ ಖರ್ಚು ಎಂದು ನನ್ನ ಅಭಿಪ್ರಾಯ. ಕಮೋಡ್ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು ಇರಲೇಬೇಕು. ಅಂಗಡಿಯವರು ಹೇಳಿದ ಎತ್ತರಕ್ಕೆ ಹಾಕಿಸಬೇಡಿ. ಬಳಸುವವರನ್ನೇ ಅಲ್ಲಿ ಕೂರಿಸಿ, ಏಳಿಸಿ, ಕೈ ಸಹಜವಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಪೆನ್ಸಿಲ್ ಗುರುತು ಮಾಡಿ. ಕಂಬಿಯ ದಪ್ಪ 32ರಿಂದ 38 ಮಿಲಿಮೀಟರ್ ಇದ್ದರೆ ಮುಷ್ಟಿಗೆ ಸರಿಯಾಗಿ ಕೂರುತ್ತದೆ. ಮಿಸ್ತ್ರಿಯನ್ನು ಕೇಳಲೇಬೇಕಾದ ಪ್ರಶ್ನೆ: ಗೋಡೆ ಇಟ್ಟಿಗೆಯದೋ, ಹಗುರ ಬ್ಲಾಕಿನದೋ? ಹೊಸ ಕಟ್ಟಡಗಳ ಒಳಗೋಡೆಗಳು ಬಹಳಷ್ಟು ಹಗುರ ಬ್ಲಾಕಿನವು. ಅದರಲ್ಲಿ ಮಾಮೂಲಿ ಸ್ಕ್ರೂ ನಿಲ್ಲುವುದಿಲ್ಲ, ಅದಕ್ಕೆಂದೇ ಇರುವ ಆಂಕರ್ ಬೇಕು. ಹಾಕಿದ ಮೇಲೆ ಮನೆಯ ಗಟ್ಟಿ ಆಳು ಪೂರ್ತಿ ಭಾರ ಬಿಟ್ಟು ಎಳೆದು ನೋಡಲಿ. ಗಾಳಿ ಹೀರಿ ಅಂಟಿಕೊಳ್ಳುವ ಹಿಡಿಕೆ ಬೇಡವೇ ಬೇಡ. ಟವೆಲ್ ರಾಡ್, ನಲ್ಲಿ, ವಾಶ್ ಬೇಸಿನ್ ಯಾವುದೂ ಮನುಷ್ಯನ ಭಾರ ಹೊರುವುದಿಲ್ಲ.

ಸ್ನಾನ ಕೂತೇ ಮಾಡಲಿ. ಮಾಮೂಲಿ ಪ್ಲಾಸ್ಟಿಕ್ ಸ್ಟೂಲ್ ಸೋಪಿನ ನೀರಲ್ಲಿ ಸರಿಯುತ್ತದೆ. ಕಾಲಿಗೆ ರಬ್ಬರ್ ಬುಷ್ ಇರುವ ಸ್ನಾನದ ಕುರ್ಚಿಯನ್ನೇ ತನ್ನಿ. ಎಣ್ಣೆ ಸ್ನಾನದ ದಿನ ಒಬ್ಬರು ಹತ್ತಿರ ಇರಲಿ, ಎಣ್ಣೆಯ ಪಾದದಲ್ಲಿ ಟೈಲ್ಸ್ ಮೇಲೆ ಹೆಜ್ಜೆ ಇಡಬಾರದು. ಕಮೋಡ್ ತಗ್ಗಾಗಿದ್ದರೆ ಮೇಲೆ ಇಡುವ ಎತ್ತರದ ಸೀಟು ಸಿಗುತ್ತದೆ. ಕುಕ್ಕರಗಾಲಿನ ಟಾಯ್ಲೆಟ್ ಆದರೆ ಅದರ ಮೇಲೆ ನಿಲ್ಲುವ ಕಮೋಡ್ ಸ್ಟ್ಯಾಂಡ್.

ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ, ಒಳಗೆ ಬಿದ್ದವರ ದೇಹವೇ ಅಡ್ಡವಾಗಿ ತೆಗೆಯಲು ಬರುವುದಿಲ್ಲ. ಸಾಧ್ಯವಾದರೆ ಹೊರಕ್ಕೆ ತೆರೆಯುವಂತೆ ಬದಲಿಸಿ. ಅದಾಗದಿದ್ದರೆ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಬಹುದಾದ ಲಾಕ್ ಹಾಕಿಸಿ, ಚಿಲಕ ತೆಗೆಸಿ.

ಹೆಜ್ಜೆ 4: ಉಳಿದ ಮನೆ

ಇಲ್ಲಿ ಸುಮ್ನೆ ಒಂದು ಸುತ್ತು ನಡೆದು ನೋಡಿದರೆ ಸಾಕು. ನೆಲದ ಮೇಲಿನ ಚಾರ್ಜರ್ ವಯರು, ಮಡಚಿದ ಕಾರ್ಪೆಟ್, ಮೊಮ್ಮಗುವಿನ ಆಟಿಕೆ, ದಾರಿಯಲ್ಲಿ ಇಟ್ಟ ಚಪ್ಪಲಿ ಎಲ್ಲ ತೆಗೆಯಿರಿ. ಕೆಲಸದ ಬಾಯಿ ನೆಲ ಒರೆಸುವಾಗ ಹಿರಿಯರು ಕೂತಿರಲಿ, ಫ್ಯಾನ್ ಹಾಕಿ ಒಣಗಿದ ಮೇಲೆ ಏಳಲಿ. ದಿನ ಬಳಸುವ ಪಾತ್ರೆ, ಡಬ್ಬಿ ಎಲ್ಲ ಸೊಂಟದಿಂದ ಭುಜದ ಎತ್ತರದೊಳಗೆ ಇರಲಿ. ಗಣಪತಿ ಹಬ್ಬಕ್ಕೆ ಲಾಫ್ಟ್‌ನಿಂದ ದೊಡ್ಡ ಪಾತ್ರೆ ಇಳಿಸಲು ಸ್ಟೂಲ್ ಹತ್ತುವ ಅಜ್ಜಿಯರನ್ನು ಮೊದಲು ತಡೆಯಬೇಕು.

ಕಾಲಿಗೆ ಹಾಕುವುದು ಮನೆಯೊಳಗೂ ಮುಖ್ಯವೇ. ಸವೆದ ಹವಾಯಿ ಚಪ್ಪಲಿ, ಬರಿ ಕಾಲುಚೀಲ, ಎರಡೂ ಜಾರುತ್ತವೆ. ಹಿಮ್ಮಡಿಗೆ ಪಟ್ಟಿ ಇರುವ, ತೆಳ್ಳಗೆ ಗಟ್ಟಿ ಸೋಲಿನ, ತಳದಲ್ಲಿ ಗೀರು ಇರುವ ಚಪ್ಪಲಿ ಒಳ್ಳೆಯದು. ನೈಟಿ, ಪಂಚೆ, ಸೀರೆ ಏನೇ ಇರಲಿ, ಪಾದದ ಗಂಟಿನ ಮೇಲಿರಲಿ.

ಹೆಜ್ಜೆ 5: ಹೊರಗೆ, ಮುಖ್ಯವಾಗಿ ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಲ್ಡಿಂಗಿನ ಲಾಬಿಯೇ ದೊಡ್ಡ ಅಪಾಯ. ಹೊಳೆಯುವ ಗ್ರಾನೈಟಿನ ಮೇಲೆ ಛತ್ರಿಯಿಂದ ನೀರು ಸೋರಿರುತ್ತದೆ. ಸೊಸೈಟಿ ಮೀಟಿಂಗಿನಲ್ಲಿ ಮೂರು ವಿಷಯ ಎತ್ತಿ: ಲಾಬಿಗೆ ರಬ್ಬರ್ ಮ್ಯಾಟ್, ಮೆಟ್ಟಿಲಿನ ಎರಡೂ ಕಡೆ ಕಂಬಿ, ಪ್ರತಿ ಮೆಟ್ಟಿಲಿನ ಅಂಚಿಗೆ ಬಣ್ಣದ ಪಟ್ಟಿ. ಹಳೆ ಲಿಫ್ಟ್ ನೆಲಕ್ಕೆ ಸಮನಾಗಿ ನಿಲ್ಲದೆ ಇಂಚು ಮೇಲೆ ಕೆಳಗೆ ನಿಲ್ಲುತ್ತಿದ್ದರೆ ಅದನ್ನೂ ಬರವಣಿಗೆಯಲ್ಲಿ ಕೊಡಿ.

ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಚೀಲ ಇದ್ದರೆ ಕಂಬಿ ಹಿಡಿಯುವುದು ಯಾವ ಕೈಯಲ್ಲಿ? ರೇನ್‌ಕೋಟ್ ಮತ್ತು ಭುಜದ ಚೀಲ ಹಿರಿಯರಿಗೆ ಒಳ್ಳೆಯದು. ಎದ್ದು ನಿಂತ ಪೇವರ್ ಬ್ಲಾಕುಗಳಿರುವ ಫುಟ್‌ಪಾತಿನಲ್ಲಿ ವಾಕಿಂಗ್ ಬೇಡ. ಮಾಟುಂಗಾ ಕಡೆಯವರಿಗೆ ಫೈವ್ ಗಾರ್ಡನ್ಸ್ ಇದೆ, ಮಳೆ ಬಂದ ಮರುದಿನ ಮಾತ್ರ ಪಾಚಿ ನೋಡಿ ನಡೆಯಬೇಕು. ಲೋಕಲ್ ಹಿಡಿಯುವುದಾದರೆ ಗರ್ದಿ ಇಲ್ಲದ ಹೊತ್ತು, ಲಿಫ್ಟ್ ಅಥವಾ ಎಸ್ಕಲೇಟರ್ ಇರುವ ಸೇತುವೆ, ಗಾಡಿ ಪೂರ್ತಿ ನಿಂತ ಮೇಲೆ ಹತ್ತಿ ಇಳಿಯುವುದು. ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದು ನೋಡದೆ ಕಾಲಿಡಬಾರದು. ಹೋದರೆ ಹೋಗಲಿ, ಇನ್ನೊಂದು ಗಾಡಿ ಬಂದೇ ಬರುತ್ತದೆ.

ಊರುಗೋಲಿನ ಹಿಡಿ ಮಣಿಕಟ್ಟಿನ ಗೆರೆಯ ಎತ್ತರಕ್ಕೆ ಬರಬೇಕು. ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು, ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ತುದಿಯ ರಬ್ಬರ್ ಸವೆದ ಕೂಡಲೇ ಬದಲಿಸಿ.

ಹೆಜ್ಜೆ 6: ಕಾಲಿಗೆ ಬಲ

"ದಿನಾ ವಾಕಿಂಗ್ ಮಾಡ್ತೇನಲ್ಲ" ಅನ್ನುತ್ತಾರೆ. ವಾಕಿಂಗ್ ಬೇಕು, ಆದರೆ ಬೀಳುವುದನ್ನು ತಡೆಯಲು ಅದೊಂದೇ ಸಾಲದು. ತೊಡೆಗೆ ಬಲ ಮತ್ತು ಸಮತೋಲ, ಎರಡಕ್ಕೂ ಬೇರೆ ವ್ಯಾಯಾಮ ಬೇಕು. ನ್ಯೂಜಿಲೆಂಡಿನಲ್ಲಿ ರೂಪಿಸಿದ ಒಟಾಗೋ ಎಂಬ ಮನೆ ವ್ಯಾಯಾಮ ಕ್ರಮದಿಂದ ಬೀಳುವುದು ಸುಮಾರು ಮೂರನೇ ಒಂದು ಪಾಲು ಇಳಿದದ್ದು ಕಂಡುಬಂದಿದೆ. ವಾರಕ್ಕೆ ಮೂರು ದಿನ, ಸುಮಾರು ಅರ್ಧ ಗಂಟೆ.

ಅಡುಗೆಮನೆಯ ಕಟ್ಟೆ ಇದಕ್ಕೆ ಒಳ್ಳೆಯ ಜಾಗ. ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಲ್ಲುವುದು, ನಿಧಾನ ಇಳಿಸುವುದು, ಹತ್ತು ಸಲ. ಬೆನ್ನು ನೇರ ಇಟ್ಟು ಒಂದೊಂದು ಕಾಲನ್ನು ಪಕ್ಕಕ್ಕೆ ಎತ್ತುವುದು, ಹತ್ತು ಸಲ. ಪಕ್ಕಕ್ಕೆ ಬೀಳುವಾಗ ತಡೆಯುವುದು ಈ ಪಕ್ಕದ ಸ್ನಾಯುಗಳೇ, ಹಾಗಾಗಿ ಇದನ್ನು ಬಿಡಬೇಡಿ. ಕಟ್ಟೆಯ ಉದ್ದಕ್ಕೂ ಹಿಮ್ಮಡಿಗೆ ಬೆರಳು ತಾಗಿಸುತ್ತ ಒಂದೇ ಗೆರೆಯಲ್ಲಿ ನಡೆಯುವುದು. ಕೊನೆಗೆ ಕುರ್ಚಿ: ಗೋಡೆಗೆ ಒತ್ತಿ ಇಟ್ಟ ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದು. ಮೊದಮೊದಲು ಕೈ ಊರಿ, ಆಮೇಲೆ ಒಂದೇ ಕೈ, ಆಮೇಲೆ ಕೈ ಕಟ್ಟಿಕೊಂಡು. ಇದು ಸುಲಭವಾದಾಗ ಸುಮ್ಮನಾಗಬೇಡಿ, ಸಂಖ್ಯೆ ಹೆಚ್ಚಿಸಿ. ಕಷ್ಟ ಅನಿಸದ ವ್ಯಾಯಾಮದಿಂದ ಬಲ ಬರುವುದಿಲ್ಲ.

ಈಗಾಗಲೇ ಒಂದೆರಡು ಸಲ ಬಿದ್ದವರು ಫಿಸಿಯೋಥೆರಪಿಸ್ಟ್ ಕಲಿಸಿದಂತೆ ಶುರು ಮಾಡಲಿ. ಬೆನ್ನಿನ ಮೂಳೆ ಸವೆದಿದೆ ಎಂದು ಗೊತ್ತಿದ್ದರೆ ಮುಂದಕ್ಕೆ ಪೂರ್ತಿ ಬಗ್ಗುವ ಆಸನಗಳು ಬೇಡ.

ಹೆಜ್ಜೆ 7: ಮಾತ್ರೆಯ ಡಬ್ಬಿ ಮತ್ತು ಕಣ್ಣು

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು, ಆಯುರ್ವೇದದ್ದೂ ಸೇರಿ, ಒಂದು ಚೀಲಕ್ಕೆ ಹಾಕಿ ಡಾಕ್ಟರ ಮೇಜಿನ ಮೇಲೆ ಇಡಿ. "ಇದರಲ್ಲಿ ಬೀಳಿಸುವಂಥದ್ದು ಯಾವುದು?" ಎಂದು ನೇರವಾಗಿ ಕೇಳಿ. ಹೃದಯದ ಡಾಕ್ಟರ್ ಒಬ್ಬರು, ಸಕ್ಕರೆಗೆ ಇನ್ನೊಬ್ಬರು, ಊರಿಗೆ ಹೋದಾಗ ಬರೆದುಕೊಟ್ಟದ್ದು ಮತ್ತೊಂದು ಎಂದು ಪಟ್ಟಿ ಬೆಳೆದಿರುತ್ತದೆ. ಮುಖ್ಯವಾಗಿ ಅನುಮಾನಿಸಬೇಕಾದದ್ದು ನಿದ್ದೆ ಮಾತ್ರೆ (ಆಲ್ಪ್ರಜೋಲಾಮ್, ಕ್ಲೊನಜೆಪಾಮ್, ಜೋಲ್ಪಿಡೆಮ್), ಬಿಪಿ ಮಾತ್ರೆ, ಪ್ರಾಸ್ಟೇಟಿನ ಟ್ಯಾಮ್ಸುಲೋಸಿನ್, ತೂಕಡಿಕೆ ತರುವ ನೆಗಡಿ ಮಾತ್ರೆ, ಸಕ್ಕರೆ ತೀರಾ ಇಳಿಸುವ ಗ್ಲಿಮೆಪಿರೈಡ್, ಇನ್ಸುಲಿನ್. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ನಿದ್ದೆ ಮಾತ್ರೆಯನ್ನಂತೂ ಡಾಕ್ಟರ ಲೆಕ್ಕದಲ್ಲೇ ನಿಧಾನವಾಗಿ ಇಳಿಸಬೇಕು.

ಬಿಪಿಯನ್ನು ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಒಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ತಿಳಿಸಿ. ಬರಿ ಕೂರಿಸಿ ನೋಡಿದರೆ ಇದು ಸಿಕ್ಕಿ ಬೀಳುವುದೇ ಇಲ್ಲ.

ಕಣ್ಣಿನ ಪೊರೆ "ಇನ್ನೂ ಬಲಿಯಲಿ" ಎಂದು ವರ್ಷಗಟ್ಟಲೆ ಕಾಯುವ ಕಾಲ ಹೋಯಿತು. ನೋಡಲು ತೊಂದರೆ ಆಗುತ್ತಿದ್ದರೆ ಆಪರೇಷನ್ ಮಾಡಿಸಿ. ಓದುವ ಭಾಗ ಕೆಳಗಿರುವ ಬೈಫೋಕಲ್ ಕನ್ನಡಕದಲ್ಲಿ ಮೆಟ್ಟಿಲು ಮಸುಕಾಗುತ್ತದೆ. ಹೊರಗೆ ಓಡಾಡುವವರು ದೂರಕ್ಕೆ ಮಾತ್ರ ಇರುವ ಇನ್ನೊಂದು ಕನ್ನಡಕ ಇಟ್ಟುಕೊಳ್ಳಲಿ.

ಹೆಜ್ಜೆ 8: ಮೂಳೆ

ಬಿದ್ದರೂ ಮುರಿಯದಿರಲು ಮೂಳೆ ಗಟ್ಟಿ ಇರಬೇಕು. ಹೆಂಗಸರು 65 ದಾಟಿದ ಮೇಲೆ ಡೆಕ್ಸಾ ಸ್ಕ್ಯಾನ್, ಅಂದರೆ ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ, ಮಾಡಿಸುವುದು ಒಳ್ಳೆಯದು. ಬೇಗ ಮುಟ್ಟು ನಿಂತವರು, ಸ್ಟಿರಾಯ್ಡ್ ಮಾತ್ರೆ ತಿಂಗಳುಗಟ್ಟಲೆ ತಿಂದವರು, ಸಣ್ಣ ಪೆಟ್ಟಿಗೇ ಮಣಿಕಟ್ಟು ಮುರಿದವರು ಇನ್ನೂ ಮೊದಲೇ ಮಾಡಿಸಬೇಕು. ಅದರ ರಿಪೋರ್ಟಿನಲ್ಲಿ ಟಿ ಸ್ಕೋರ್ ಎಂಬ ಅಂಕಿ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ. ಆಗ ಬರಿ ಕ್ಯಾಲ್ಸಿಯಂ ಮಾತ್ರೆ ಸಾಲದು, ಮೂಳೆ ಸವೆತ ತಡೆಯುವ ಔಷಧಿ ಬೇಕು. ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಕೊಟ್ಟರೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗದೆ ಇರಬೇಕು. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೋಲೆಡ್ರೋನಿಕ್ ಆಸಿಡ್ ಇದೆ. ಆರು ತಿಂಗಳಿಗೊಮ್ಮೆ ಕೊಡುವ ಡೆನೋಸುಮಾಬ್ ಇಂಜೆಕ್ಷನ್ ಶುರು ಮಾಡಿದರೆ ಮುಂದಿನ ಇಂಜೆಕ್ಷನ್ನಿಗೆ ತಡ ಮಾಡುವಂತಿಲ್ಲ. ನಿಲ್ಲಿಸಿದ ಮೇಲೆ ಮೂಳೆ ಬೇಗ ಸವೆದು ಬೆನ್ನುಮೂಳೆ ಕುಸಿಯುವ ಅಪಾಯ ಇದೆ.

ಊಟದಲ್ಲಿ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತ ಹೆಂಗಸರಿಗೆ 1200. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ, ಒಂದು ದೊಡ್ಡ ಲೋಟ ಹಾಲಿನಲ್ಲಿ 300ರ ಹತ್ತಿರ. ರಾಗಿ ಅಂಬಲಿ, ಮೊಸರು, ಎಳ್ಳಿನ ಚಟ್ನಿಪುಡಿ ಸೇರಿದರೆ ಬಹುಪಾಲು ಆಗಿಹೋಗುತ್ತದೆ. ಬೇಳೆ, ಮೊಟ್ಟೆ, ಮೀನು ಕಡಿಮೆ ಮಾಡಬೇಡಿ, ಸ್ನಾಯುವಿಗೆ ಪ್ರೋಟೀನ್ ಬೇಕು. ಬಿಸಿಲೇ ಬೀಳದ ಫ್ಲ್ಯಾಟಿನಲ್ಲಿ ಇರುವವರಿಗೆ ವಿಟಮಿನ್ ಡಿ ಕೊರತೆ ಬಹಳ. ಹಾಗೆಂದು 60,000 ಯೂನಿಟ್ಟಿನ ಸ್ಯಾಶೆಯನ್ನು ಮೆಡಿಕಲ್ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ತಿನ್ನಬಾರದು, ಜಾಸ್ತಿಯಾದರೂ ತೊಂದರೆಯೇ.

ಹೆಜ್ಜೆ 9: ಬಿದ್ದೇಬಿಟ್ಟರೆ

ಓಡಿ ಬಂದು ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಮೊದಲು ಅಲ್ಲೇ ಉಸಿರು ಸುಧಾರಿಸಿಕೊಳ್ಳಲಿ. ತೊಡೆಸಂದಿಯಲ್ಲಿ ನೋವು, ಒಂದು ಕಾಲು ಗಿಡ್ಡವಾದಂತೆ ಕಾಣುವುದು, ಪಾದ ಹೊರಕ್ಕೆ ತಿರುಗಿರುವುದು, ಕಾಲು ಎತ್ತಲಾಗದಿರುವುದು ಇವು ಸೊಂಟ ಮುರಿದ ಲಕ್ಷಣ. ಅಂಥವರನ್ನು ನಿಲ್ಲಿಸಿ ನೋಡಬೇಡಿ, ಎಣ್ಣೆ ತಿಕ್ಕಬೇಡಿ. 108ಕ್ಕೆ ಫೋನ್ ಮಾಡಿ. ತಿನ್ನಲು, ಕುಡಿಯಲು ಏನೂ ಕೊಡುವ ಮುಂಚೆ ಡಾಕ್ಟರನ್ನು ಕೇಳಿ, ಆಪರೇಷನ್ ಬೇಕಾಗಬಹುದು. ಕೆಲವೊಮ್ಮೆ ಮುರಿದರೂ ಕುಂಟುತ್ತ ನಡೆಯುತ್ತಾರೆ. ಹಾಗಾಗಿ ಬಿದ್ದ ಮೇಲೆ ತೊಡೆಸಂದಿಯ ನೋವು ಹೋಗದಿದ್ದರೆ ಎಕ್ಸ್‌ರೇ ಮಾಡಿಸಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರ ತಲೆಗೆ ಪೆಟ್ಟಾದರೆ, ಚೆನ್ನಾಗಿ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪೆಟ್ಟಿಲ್ಲ ಎಂದು ಖಾತ್ರಿಯಾದರೆ ಅವರೇ ಏಳಲಿ, ನೀವು ಕುರ್ಚಿ ತಂದಿಡಿ. ಪಕ್ಕಕ್ಕೆ ಹೊರಳಿ, ಕೈ ಮೊಣಕಾಲು ಊರಿ, ಕುರ್ಚಿಯ ಹತ್ತಿರ ಬಂದು, ಎರಡೂ ಕೈ ಅದರ ಮೇಲಿಟ್ಟು, ಗಟ್ಟಿ ಕಾಲಿನ ಪಾದ ಮುಂದಿಟ್ಟು ಎದ್ದು, ತಿರುಗಿ ಕೂರುವುದು. ಇದನ್ನು ಚೆನ್ನಾಗಿರುವಾಗಲೇ ಒಮ್ಮೆ ಹಾಸಿಗೆ ಹಾಸಿ ಅಭ್ಯಾಸ ಮಾಡಿಸಿ. ಒಬ್ಬರೇ ಇರುವ ಹಿರಿಯರ ಫೋನ್ ಕುತ್ತಿಗೆಯ ಚೀಲದಲ್ಲೋ ಜೇಬಿನಲ್ಲೋ ಇರಲಿ, ಬಾತ್‌ರೂಮಿಗೂ ಬರಲಿ. ಪಕ್ಕದ ಮನೆಯವರ ಹತ್ತಿರ ಒಂದು ಕೀ ಇರಲಿ.

ಸೊಂಟ ಮುರಿದರೆ "ಈ ವಯಸ್ಸಲ್ಲಿ ಆಪರೇಷನ್ ಯಾಕೆ, ಮಲಗಿರಲಿ ಬಿಡಿ" ಎನ್ನುವ ನೆಂಟರ ಮಾತು ಕೇಳಬೇಡಿ. ಮಲಗಿಸಿಟ್ಟರೆ ನ್ಯುಮೋನಿಯಾ, ಬೆನ್ನು ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಒಂದರ ಹಿಂದೊಂದು ಬರುತ್ತವೆ. ಬಹುತೇಕರಿಗೆ 48 ಗಂಟೆಯೊಳಗೆ ಆಪರೇಷನ್ ಆಗಿ, ಮರುದಿನವೇ ವಾಕರ್ ಹಿಡಿದು ನಿಲ್ಲಿಸುವುದು ಒಳ್ಳೆಯದು. ಪರೇಲಿನ ಕೆಇಎಂ, ಸಾಯನ್‌ನ ಲೋಕಮಾನ್ಯ ತಿಲಕ್ ಇವು ಮೂಳೆ ವಿಭಾಗ ಇರುವ ಮಹಾನಗರ ಪಾಲಿಕೆಯ ಆಸ್ಪತ್ರೆಗಳು. 70 ದಾಟಿದವರಿಗೆ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಭಾರತ್ ಸೌಲಭ್ಯ 2024ರ ಅಕ್ಟೋಬರ್‌ನಿಂದ ಇದೆ. ಕಾರ್ಡನ್ನು ಈಗಲೇ ಮಾಡಿಸಿಡಿ, ಯಾವ ಆಸ್ಪತ್ರೆ ಆ ಪಟ್ಟಿಯಲ್ಲಿದೆ ಎಂದೂ ವಿಚಾರಿಸಿಡಿ. ಹಿರಿಯರ ಸಹಾಯವಾಣಿ 14567.

ಡಿಸ್ಚಾರ್ಜ್ ಆಗುವ ದಿನ ಎರಡು ವಿಷಯ ಕೇಳದೆ ಬರಬೇಡಿ. ಮೂಳೆ ಸವೆತದ ಔಷಧಿ ಯಾವಾಗ ಶುರು ಮಾಡುತ್ತೀರಿ? ಮನೆಗೆ ಬಂದು ಫಿಸಿಯೋಥೆರಪಿ ಕಲಿಸುವವರು ಯಾರು? ಒಂದು ಕಡೆ ಮುರಿದವರಿಗೆ ಇನ್ನೊಂದು ಕಡೆಯೂ ಮುರಿಯುವ ಸಾಧ್ಯತೆ ಜಾಸ್ತಿ. ಆದರೆ ರಾಡ್ ಹಾಕಿ ಕಳಿಸಿದ ಮೇಲೆ ಮೂಳೆಯ ಔಷಧಿಯ ಮಾತೇ ಬಾರದೆ ಹೋಗುವುದು ಬಹಳ ಕಡೆ ನಡೆಯುತ್ತದೆ.